ದಾದಿಯರನ್ನು ಕರೆತರುವುದೋ, ತಯಾರು ಮಾಡುವುದೋ?

ಪಿ.ಯು.ಸಿ. ಫಲಿತಾಂಶ ಬಂದು ವಾರ ಕಳೆಯುವಷ್ಟರಲ್ಲಿ ತಂದೆ-ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ‘ಮಗಳನ್ನು ಬಿ.ಎಸ್ಸಿ. ನರ್ಸಿಂಗಿಗೆ ಸೇರಿಸಿದರೆ ಲಂಡನ್ನಿಗೆ ಹೋಗಬಹುದಂತಲ್ಲ, ನಿಜವೇ ಮೇಷ್ಟ್ರೇ?’ ಹೋಗಬಹುದು. ಹೋದವರು ಸಾವಿರಾರು ಮಂದಿ ಇದ್ದಾರೆ. ಆದರೆ ಆ ಬಾಗಿಲು ನಿಮ್ಮ ಮಗಳು ಓದು ಮುಗಿಸುವ ವರ್ಷದಲ್ಲಿ ತೆರೆದಿರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ, ಅಷ್ಟು ಶ್ರೀಮಂತ ದೇಶಕ್ಕೆ ತನ್ನ ರೋಗಿಗಳನ್ನು ನೋಡಿಕೊಳ್ಳಲು ತನ್ನದೇ ಮಕ್ಕಳು ಏಕೆ ಸಾಲುತ್ತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ತೊಟ್ಟಿಯ ಲೆಕ್ಕವನ್ನು ನೀವೆಲ್ಲ ಶಾಲೆಯಲ್ಲಿ ಮಾಡಿರುತ್ತೀರಿ. ಎರಡು ನಲ್ಲಿಗಳಿಂದ ನೀರು ಬರುತ್ತದೆ, ತಳದ ತೂತಿನಿಂದ ಸೋರುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಆಸ್ಪತ್ರೆಗಳ ಲೆಕ್ಕವೂ ಇದೇ. ಒಂದು ನಲ್ಲಿ ಸ್ವದೇಶದ ತರಬೇತಿ, ಇನ್ನೊಂದು ವಿದೇಶದಿಂದ ಕರೆತರುವುದು. ನಿವೃತ್ತರಾಗುವವರು, ಬೇಸತ್ತು ಕೆಲಸ ಬಿಡುವವರು ತಳದ ತೂತು. ಪುಸ್ತಕದ ಲೆಕ್ಕದಲ್ಲಿ ಇಲ್ಲದ ಒಂದು ತೊಡಕು ಇಲ್ಲಿದೆ: ಮೊದಲನೆಯ ನಲ್ಲಿಯನ್ನು ಇಂದು ತಿರುಗಿಸಿದರೆ ನೀರು ಬರುವುದು ಮೂರು ವರ್ಷದ ನಂತರ. ಎರಡನೆಯದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಮಂತ್ರಿಗಳಿಗೆ ಯಾವ ನಲ್ಲಿ ಪ್ರಿಯವೆಂದು ಹೇಳಬೇಕಾಗಿಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರಲ್ಲಿ. ಹುಟ್ಟಿದಾಗಲೇ ಅದಕ್ಕೆ ದಾದಿಯರ ಕೊರತೆ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಯುವತಿಯರನ್ನು ಕರೆಸಿಕೊಂಡರು. ಆದರೆ ಆಗ ಹೆಚ್ಚಿನವರನ್ನು ಕರೆಸಿದ್ದು ಕಲಿಯುವುದಕ್ಕೆ. ತರಬೇತಿ ಕೊಟ್ಟವರು, ಅದರ ಖರ್ಚು ಹೊತ್ತವರು ಬ್ರಿಟಿಷರೇ. ಅಲ್ಲಿಯೂ ಅನ್ಯಾಯವಿತ್ತು. ಮೂರು ವರ್ಷದ ಪೂರ್ಣ ಅರ್ಹತೆಯ ಶಿಕ್ಷಣದ ಬದಲು ಎಷ್ಟೋ ಮಂದಿಯನ್ನು ಎರಡು ವರ್ಷದ ಕೆಳದರ್ಜೆಯ ಶಿಕ್ಷಣಕ್ಕೆ ತಳ್ಳಿದರು. ಆ ಪ್ರಮಾಣಪತ್ರಕ್ಕೆ ಅವರ ಸ್ವಂತ ನಾಡಿನಲ್ಲಿ ಮಾನ್ಯತೆಯೇ ಇರಲಿಲ್ಲ.

ಮುಂದಿನ ಕತೆ ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದಂತಿದೆ. 1990ರ ದಶಕದ ಮೊದಲ ಭಾಗದಲ್ಲಿ ಖರ್ಚು ಉಳಿಸಲೆಂದು ತರಬೇತಿ ಸ್ಥಾನಗಳನ್ನು ಕಡಿಮೆ ಮಾಡಿದರು. ದಶಕ ಮುಗಿಯುವ ವೇಳೆಗೆ ವಾರ್ಡುಗಳು ಬಣಗುಟ್ಟತೊಡಗಿದವು. ಆಗ ಫಿಲಿಪೈನ್ಸ್, ದಕ್ಷಿಣ ಆಫ್ರಿಕ, ಭಾರತ ನೆನಪಾದವು. ತಮ್ಮ ದಾದಿಯರನ್ನು ಹೀಗೆ ಸೆಳೆದುಕೊಳ್ಳಬೇಡಿರೆಂದು 1997ರಲ್ಲಿ ನೆಲ್ಸನ್ ಮಂಡೇಲಾ ಬ್ರಿಟನ್ನನ್ನು ಕೇಳಿಕೊಳ್ಳಬೇಕಾಯಿತು. 2001ರಲ್ಲಿ ಬ್ರಿಟನ್ ಒಂದು ನೀತಿಸಂಹಿತೆ ಮಾಡಿಕೊಂಡಿತು: ಬಡದೇಶಗಳಿಗೆ ತಾನಾಗಿ ಹೋಗಿ ದಾದಿಯರನ್ನು ಆರಿಸಿಕೊಳ್ಳುವಂತಿಲ್ಲ. ಭಾರತದ ಮಟ್ಟಿಗೆ ಆಗ ಒಂದು ವಿಚಿತ್ರವಾದ ಗೆರೆ ಎಳೆದರು. ಬ್ರಿಟಿಷ್ ನೆರವು ಪಡೆಯುತ್ತಿದ್ದ ಆಂಧ್ರಪ್ರದೇಶ, ಮಧ್ಯಪ್ರದೇಶ, ಒರಿಸ್ಸಾ, ಪಶ್ಚಿಮ ಬಂಗಾಳ ಈ ನಾಲ್ಕು ರಾಜ್ಯಗಳಿಂದ ನೇಮಿಸಿಕೊಳ್ಳಬಾರದು, ಉಳಿದ ಕಡೆ ಅಡ್ಡಿಯಿಲ್ಲ! ನಮ್ಮ ಬೆಂಗಳೂರು, ಮಂಗಳೂರು, ಪಕ್ಕದ ಕೇರಳ ಎಲ್ಲವೂ ‘ಅಡ್ಡಿಯಿಲ್ಲ’ದ ಕಡೆಗೇ ಬಿದ್ದವು.

ಐದು ವರ್ಷ ಕಳೆಯಿತು. ಅಲ್ಲಿನ ಕಾಲೇಜುಗಳಿಂದ ಹೊಸಬರು ಹೊರಬಂದರು, ಆಸ್ಪತ್ರೆಗಳಲ್ಲಿ ಹಣದ ಬಿಗಿ ಶುರುವಾಯಿತು. 2006ರಲ್ಲಿ ಸಾಮಾನ್ಯ ದಾದಿಯ ಹುದ್ದೆಯನ್ನು ‘ಕೊರತೆಯ ಉದ್ಯೋಗ’ಗಳ ಪಟ್ಟಿಯಿಂದ ತೆಗೆದುಹಾಕಿದರು. ನಲ್ಲಿ ನಿಂತಿತು. ಆಗ ಇಲ್ಲಿ ಸಾಲ ಮಾಡಿ ಮೂರನೇ ವರ್ಷ ಓದುತ್ತಿದ್ದವರಿಗೆ ಯಾರೂ ಪತ್ರ ಬರೆದು ತಿಳಿಸಲಿಲ್ಲ.

2010ರ ಬಳಿಕ ಮಿತವ್ಯಯದ ಹೆಸರಿನಲ್ಲಿ ಮತ್ತೆ ತರಬೇತಿ ಸ್ಥಾನಗಳ ಕಡಿತ. ಅದರ ಮೇಲೆ ಇನ್ನೊಂದು ಪ್ರಯೋಗ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು, ಜೊತೆಗೆ ವಿದ್ಯಾರ್ಥಿವೇತನವೂ ಇತ್ತು. ಹಣಕಾಸು ಮಂತ್ರಿ ಜಾರ್ಜ್ ಆಸ್‌ಬರ್ನ್ 2015ರ ನವೆಂಬರಿನಲ್ಲಿ ಅದನ್ನು ನಿಲ್ಲಿಸುವುದಾಗಿ ಸಾರಿದರು. 2017ರ ಆಗಸ್ಟಿನಿಂದ ಸೇರಿದವರು ಸಾಲ ಮಾಡಿ ಓದಬೇಕಾಯಿತು. ಸರ್ಕಾರದ ಮೇಲಿನ ಹೊರೆ ಇಳಿದರೆ ಸ್ಥಾನಗಳನ್ನು ಹೆಚ್ಚಿಸಬಹುದು, ಹತ್ತು ಸಾವಿರದವರೆಗೂ ಹೊಸ ಸ್ಥಾನಗಳು ಬಂದಾವು ಎಂಬುದು ಅವರ ತರ್ಕ. ಕಾಗದದ ಮೇಲೆ ತಪ್ಪಿಲ್ಲದ ತರ್ಕ. ಆಗಿದ್ದೇ ಬೇರೆ: ಮೊದಲ ವರ್ಷವೇ ಇಂಗ್ಲೆಂಡಿನಲ್ಲಿ ಅರ್ಜಿಗಳು ಸುಮಾರು ಶೇ. 23ರಷ್ಟು ಕುಸಿದವು. ಮೂವತ್ತು ದಾಟಿದ ಮೇಲೆ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಈ ವೃತ್ತಿಗೆ ಬರುವ ಹೆಂಗಸರು ಅಲ್ಲಿ ಬಹಳ. ಆ ವಯಸ್ಸಿನಲ್ಲಿ ಸಾಲ ತಲೆಗೆ ಕಟ್ಟಿಕೊಳ್ಳಲು ಅವರೇ ಹೆಚ್ಚಾಗಿ ಹಿಂಜರಿದರು. ಪಕ್ಕದ ಸ್ಕಾಟ್ಲೆಂಡ್ ವಿದ್ಯಾರ್ಥಿವೇತನವನ್ನು ಉಳಿಸಿಕೊಂಡಿತು ಎಂಬುದನ್ನು ಗಮನಿಸಿ. ಇಂಗ್ಲೆಂಡ್ 2020ರಲ್ಲಿ ವರ್ಷಕ್ಕೆ 5,000 ಪೌಂಡಿನ ಅನುದಾನವನ್ನು ಮತ್ತೆ ತಂದಿತಾದರೂ ಶುಲ್ಕದ ಸಾಲ ಹಾಗೆಯೇ ಉಳಿಯಿತು.

2019ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 50 ಸಾವಿರ ಹೆಚ್ಚುವರಿ ದಾದಿಯರ ಭರವಸೆ ಕೊಟ್ಟಿತು. ಮೂರು ವರ್ಷದ ಓದಿನ ಫಲ ಕಾಯುತ್ತಾ ಕೂತರೆ ಭರವಸೆ ಈಡೇರುವುದೆಂದು? ಎರಡನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದರು. 2022-23ರಲ್ಲಿ ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ಲಿನ ಪಟ್ಟಿಗೆ ಹೊಸದಾಗಿ ಸೇರಿದವರು ಸುಮಾರು 52 ಸಾವಿರ. ಅವರಲ್ಲಿ ಸುಮಾರು 25 ಸಾವಿರ ಮಂದಿ ಹೊರದೇಶಗಳಲ್ಲಿ ಕಲಿತವರು. ಅವರಲ್ಲೂ ಎಲ್ಲರಿಗಿಂತ ಹೆಚ್ಚು ಭಾರತದವರು. 2023ರಲ್ಲಿ ಭರವಸೆಯ ಸಂಖ್ಯೆ ಮುಟ್ಟಿತು.

‘ಅಷ್ಟು ಹಣವಿರುವ ದೇಶ ಇನ್ನಷ್ಟು ಕಾಲೇಜು ಕಟ್ಟಿಸಬಾರದೆ?’ ಎಂದು ಕೇಳುವಿರಿ. ಕಟ್ಟಿಸಬಹುದು. ಆದರೆ ದಾದಿ ತಯಾರಾಗುವುದು ಕಟ್ಟಡದಲ್ಲಲ್ಲ. ಅರವತ್ತು ಮಕ್ಕಳ ತರಗತಿಗೆ ಆರು ಸೂಕ್ಷ್ಮದರ್ಶಕ ಇಟ್ಟುಕೊಂಡು ಪಾಠ ಮಾಡಿದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಂಚುಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಿ, ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ತಾನೇ ಕಾಣುವ ಮಕ್ಕಳ ಸಂಖ್ಯೆ ಹೆಚ್ಚುವುದಿಲ್ಲ. ಬ್ರಿಟನ್ನಿನ ನಿಯಮದಂತೆ ನರ್ಸಿಂಗ್ ಪದವಿಗೆ 4,600 ಗಂಟೆಗಳ ಕಲಿಕೆ ಬೇಕು. ಅದರಲ್ಲಿ ಅರ್ಧ, ಎಂದರೆ 2,300 ಗಂಟೆ, ರೋಗಿಗಳ ನಡುವೆ. ಪಕ್ಕದಲ್ಲಿ ನಿಂತು ಸಿರಿಂಜು ಹಿಡಿಯುವುದನ್ನು, ನಾಡಿ ನೋಡುವುದನ್ನು, ಸಾಯುತ್ತಿರುವವರ ಮನೆಮಂದಿಯೊಡನೆ ಮಾತಾಡುವುದನ್ನು ತೋರಿಸಿಕೊಡುವ ಅನುಭವಿ ದಾದಿಯೊಬ್ಬಳು ಇರಬೇಕು. ವಾರ್ಡಿನಲ್ಲಿ ಅವಳ ಹುದ್ದೆಯೇ ಖಾಲಿ ಇದ್ದರೆ? 2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ 47 ಸಾವಿರಕ್ಕೂ ಹೆಚ್ಚು ದಾದಿಯರ ಹುದ್ದೆಗಳು ಖಾಲಿ ಬಿದ್ದಿದ್ದವು. ಇದ್ದವರಿಗೆ ಕಲಿಸಲು ಪುರಸೊತ್ತಿಲ್ಲ, ಕಲಿಸದಿದ್ದರೆ ಹೊಸಬರು ಬರುವುದಿಲ್ಲ. ತರಬೇತಿಯನ್ನು ಒಮ್ಮೆ ಬತ್ತಿಸಿದರೆ ಮತ್ತೆ ತುಂಬಿಸುವುದು ಕಷ್ಟವೆಂಬುದಕ್ಕೆ ಇದೇ ಕಾರಣ.

ಇನ್ನು ಖರ್ಚಿನ ಮಾತು. ಅಲ್ಲಿ ಉಳಿದ ಹಣ ಗಾಳಿಯಿಂದ ಬಂದದ್ದಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ಶುಲ್ಕ, ಹಾಸ್ಟೆಲು, ಊಟ, ಇಂಗ್ಲಿಷ್ ಪರೀಕ್ಷೆಯ ತರಬೇತಿ ಎಲ್ಲವನ್ನೂ ತೆತ್ತವರು ಕೊಟ್ಟಾಯಂ, ಪುತ್ತೂರು, ಶಿರಸಿ ಕಡೆಯ ಅಪ್ಪ-ಅಮ್ಮಂದಿರು. ಕೆಲವರು ಅಡಿಕೆ ಮಾರಿ, ಕೆಲವರು ಬಂಗಾರ ಅಡವಿಟ್ಟು. ಭಾರತದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವುದು ಕರ್ನಾಟಕದಲ್ಲಿ ಎಂದು ನಾವು ಹೆಮ್ಮೆಪಡುತ್ತೇವೆ. ಒಂದು ಅರ್ಥದಲ್ಲಿ ಅವುಗಳಲ್ಲಿ ಕೆಲವು ಇಂಗ್ಲೆಂಡಿನ ಸರ್ಕಾರ ಕಟ್ಟಿಸದೆ ಬಿಟ್ಟ ಕಾಲೇಜುಗಳು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿಗೆ ಇನ್ನೂ 58 ಲಕ್ಷ ದಾದಿಯರು ಬೇಕು. ಶ್ರೀಮಂತ ದೇಶಗಳಲ್ಲಿ ದುಡಿಯುವ ದಾದಿಯರಲ್ಲಿ ಶೇ. 23 ಮಂದಿ ಬೇರೆ ದೇಶಗಳಲ್ಲಿ ಹುಟ್ಟಿದವರು.

ಹಾಗೆಂದು ಹುಡುಗಿಯರು ಹೋಗಬಾರದೆಂದು ಹೇಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಎಂಜಿನಿಯರ್ ಹುಡುಗ ಅಮೆರಿಕಕ್ಕೆ ಹೊರಟರೆ ಹಾರ ಹಾಕಿ ಕಳಿಸುವ ನಾವು, ದಾದಿ ಹೊರಟಾಗ ಮಾತ್ರ ದೇಶಸೇವೆಯ ಪಾಠ ಹೇಳುವುದು ಸರಿಯಲ್ಲ. ಇಲ್ಲಿನ ಖಾಸಗಿ ಆಸ್ಪತ್ರೆಗಳು ಕೊಡುವ ಸಂಬಳವನ್ನು ನೋಡಿದವರು ಆ ಪಾಠ ಹೇಳಲಾರರು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಒಪ್ಪಿದ ಸಂಹಿತೆಯೂ ವ್ಯಕ್ತಿ ವಲಸೆ ಹೋಗುವುದನ್ನು ತಡೆಯುವುದಿಲ್ಲ. ಅದು ದೇಶಗಳಿಗೆ ಹೇಳುವುದು ಬೇರೆ: ನಿಮಗೆ ಬೇಕಾದವರನ್ನು ಆದಷ್ಟು ನೀವೇ ತಯಾರು ಮಾಡಿಕೊಳ್ಳಿ. ನನ್ನ ತಕರಾರೂ ಅಷ್ಟೆ. ಕರೆತರುವುದು ತಪ್ಪಲ್ಲ, ತಯಾರು ಮಾಡುವುದನ್ನು ಬಿಟ್ಟು ಕರೆತರುವುದು ತಪ್ಪು. ಅದರ ಏಟು ಎರಡೂ ಕಡೆಯ ವಿದ್ಯಾರ್ಥಿಗಳಿಗೆ.

2025ರಲ್ಲಿ ಆದದ್ದನ್ನೇ ನೋಡಿ. ಎರಡು ವರ್ಷ ಹಿಂದೆ, 2023ರ ಜೂನ್ ತಿಂಗಳಲ್ಲಿ, ವಿದೇಶಿ ನೇಮಕಾತಿಯನ್ನು ಮುಂದಿನ ಹದಿನೈದು ವರ್ಷಗಳೊಳಗೆ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸುವ ಯೋಜನೆ ಪ್ರಕಟವಾಗಿತ್ತು. ಆದರೆ ಹಣದ ಬಿಗಿ ಬಂದದ್ದೇ ತಡ, ಇಳಿಕೆ ಕಾಯದೆ ನುಗ್ಗಿತು. 2025ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಹೊರದೇಶಗಳಿಂದ ಹೋಗಿ ನೋಂದಾಯಿಸಿಕೊಂಡವರು ಹಿಂದಿನ ವರ್ಷದ ಅದೇ ಅವಧಿಯ ಅರ್ಧದಷ್ಟು ಮಾತ್ರ. ಅದೇ ವರ್ಷ ಅಲ್ಲೇ ಓದಿ ಪಾಸಾದ ಎಷ್ಟೋ ಹುಡುಗ-ಹುಡುಗಿಯರಿಗೆ ಕೆಲಸ ಸಿಗದೆ, ಸರ್ಕಾರ ಆಗಸ್ಟಿನಲ್ಲಿ ‘ಪದವೀಧರರಿಗೆ ಖಾತರಿ’ ಎಂಬ ಯೋಜನೆ ಪ್ರಕಟಿಸಬೇಕಾಯಿತು. ಇತ್ತ 2021ರಲ್ಲಿ, ಬಾಗಿಲು ಹಾರುಹೊಡೆದಿದ್ದಾಗ, ಲಂಡನ್ನನ್ನೇ ನೆನೆದು ನಮ್ಮ ಕಾಲೇಜುಗಳಿಗೆ ಸೇರಿದವರು ಓದು ಮುಗಿಸಿದ್ದೂ 2025ರಲ್ಲೇ.

ಆದ್ದರಿಂದ ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಯಾವುದೋ ದೇಶದ ಇಂದಿನ ಕೊರತೆಯನ್ನು ನಂಬಿ ನಾಲ್ಕು ವರ್ಷದ ಓದನ್ನು ಆರಿಸಬೇಡಿ. ಮಗಳಿಗೋ ಮಗನಿಗೋ (ಹುಡುಗರೂ ಈ ವೃತ್ತಿಗೆ ಬರುತ್ತಿದ್ದಾರೆ, ಸಂತೋಷ) ರೋಗಿಯ ಬಳಿ ನಿಲ್ಲುವ ಮನಸ್ಸಿದ್ದರೆ ಸೇರಿಸಿ. ಲಂಡನ್ ಮುಚ್ಚಿದರೂ ಆ ಓದು ವ್ಯರ್ಥವಾಗದು. ವಿದೇಶಕ್ಕೆ ಕಳಿಸುತ್ತೇವೆಂದು ಬರುವ ಏಜೆಂಟರ ವಿಷಯದಲ್ಲಿ ಎರಡು ಸಂಗತಿ ನೆನಪಿರಲಿ. ಬ್ರಿಟನ್ನಿನ ನೀತಿಸಂಹಿತೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ನಮ್ಮ 1983ರ ವಲಸೆ ಕಾಯ್ದೆಯ ನಿಯಮಗಳು ಏಜೆಂಟರ ಸೇವಾಶುಲ್ಕಕ್ಕೆ 30 ಸಾವಿರ ರೂಪಾಯಿಯ ಮಿತಿ ಹಾಕಿವೆ, ತೆರಿಗೆ ಬೇರೆ. ಲಕ್ಷಗಳ ಮಾತಾಡುವವರಿಗೆ ಬಾಗಿಲು ತೋರಿಸಿ.

ಕಾಲೇಜು ನೋಡಲು ಹೋದಾಗ ಬಣ್ಣದ ಕಿರುಹೊತ್ತಿಗೆಯನ್ನು ಪಕ್ಕಕ್ಕಿಡಿ. ಮಕ್ಕಳು ಅಭ್ಯಾಸಕ್ಕೆ ಹೋಗುವುದು ಯಾವ ಆಸ್ಪತ್ರೆಗೆ, ಅಲ್ಲಿ ಹಾಸಿಗೆ ಎಷ್ಟು, ಅವುಗಳಲ್ಲಿ ರೋಗಿಗಳಿರುವುದು ಎಷ್ಟು, ಒಬ್ಬ ಶಿಕ್ಷಕಿಯ ಕೈಕೆಳಗೆ ವಾರ್ಡಿನಲ್ಲಿ ನಿಲ್ಲುವ ವಿದ್ಯಾರ್ಥಿಗಳು ಎಷ್ಟು ಎಂದು ಕೇಳಿ. ಸಾಧ್ಯವಾದರೆ ಬೆಳಗಿನ ಹೊತ್ತು ಆ ವಾರ್ಡಿಗೇ ಒಮ್ಮೆ ಹೋಗಿ ಬನ್ನಿ.