ಪ್ರೆಸ್ಸಿಗೆ ಹೋದ ಬೆರಳು ಬಾಗಿಲಿಗೆ ಸಿಕ್ಕಿದ್ದು ಹೇಗೆ?

ಪೀಣ್ಯದ ಕಾರ್ಮಿಕ ಬಂಧುಗಳೇ,

ಕಳೆದ ವಾರ ರಾತ್ರಿ ಪಾಳಿಯಲ್ಲಿ ನಮ್ಮ ಹುಡುಗನೊಬ್ಬನ ಬಲಗೈಯ ಎರಡು ಬೆರಳು ಪವರ್ ಪ್ರೆಸ್ಸಿಗೆ ಹೋದವು. ಇದು ನಿಮಗೆಲ್ಲ ಗೊತ್ತು. ನರ್ಸಿಂಗ್ ಹೋಮಿನ ಕೇಸ್ ಶೀಟಿನಲ್ಲಿ ಏನಿದೆ ಗೊತ್ತೇ? ‘ಮನೆಯ ಬಾಗಿಲಿಗೆ ಸಿಕ್ಕಿ ಗಾಯ.’ ಬರೆಸಿದ್ದು ಜೊತೆಗೆ ಹೋಗಿದ್ದ ಸೂಪರ್‌ವೈಸರ್. ಈಗ ಇಪ್ಪತ್ತು ಸಾವಿರ ರೂಪಾಯಿಗೆ ರಾಜಿ ಪತ್ರವೂ ಟೈಪ್ ಆಗಿದೆ. ಈ ಶನಿವಾರ ಸಹಿ ಹಾಕಬೇಕಂತೆ.

ಎಂಥ ಬಾಗಿಲಪ್ಪಾ ಅದು! ಬಾಡಿಗೆ ಶೀಟ್ ಮನೆಯ ತಗಡಿನ ಬಾಗಿಲು ಎರಡು ಬೆರಳನ್ನು ಬುಡದಲ್ಲೇ ಕತ್ತರಿಸಿ, ಗಾಯದೊಳಗೆ ಗ್ರೀಸ್ ಬೇರೆ ಮೆತ್ತುತ್ತದೆ!

ಆ ಪ್ರೆಸ್ಸಿನ ಮುಂದೆ ನಿಂತವರಿಗೆಲ್ಲ ಅದರ ಕಥೆ ಗೊತ್ತು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯಬೇಕು, ಅದಕ್ಕೆಂದೇ ಎರಡು ಬಟನ್. ಒಂದನ್ನು ಒಳಕ್ಕೆ ಒತ್ತಿ ಕಪ್ಪು ಟೇಪ್ ಸುತ್ತಿದ್ದಾರೆ. ಒಂದು ಕೈ ಬಟನ್ನಿನ ಮೇಲೆ, ಇನ್ನೊಂದು ಕೈ ಡೈ ಒಳಗೆ. ಗಂಟೆಗೆ ಪೀಸ್ ಜಾಸ್ತಿ ಬೀಳುತ್ತದಲ್ಲ! ಟೇಪ್ ಸುತ್ತಿಸಿದವರೇ ಈಗ ‘ಫೋನ್ ನೋಡ್ತಿದ್ದ’ ಅನ್ನುತ್ತಾರೆ. ಹೌದು ಸ್ವಾಮಿ, ಮೂರನೇ ಕೈಯಲ್ಲಿ ಹಿಡಿದುಕೊಂಡಿದ್ದ. ಆಯುಧಪೂಜೆಗೆ ಅದೇ ಮಿಷನ್ನಿಗೆ ಕುಂಬಳಕಾಯಿ ಒಡೆಯುವವರಿಗೆ ಆ ಟೇಪ್ ಬಿಚ್ಚಲು ಕೈ ಬರಲಿಲ್ಲ.

ಇ.ಎಸ್.ಐ. ದುಡ್ಡು ಕೊಡುವಾಗ ಮಾಲೀಕರು ಸುಳ್ಳು ಯಾಕೆ ಹೇಳುತ್ತಾರೆ ಎಂದು ಕೆಲವರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಅಪಘಾತದ ವರದಿ ಹೋದರೆ ಕಾರ್ಖಾನೆಗಳ ಇಲಾಖೆಯವರು ಬಂದಾರು, ಟೇಪ್ ಕಣ್ಣಿಗೆ ಬಿದ್ದೀತು. ಅದಕ್ಕಿಂತ ಹೆಚ್ಚಾಗಿ, ಕಾಂಟ್ರಾಕ್ಟರ್ ಹುಡುಗನ ಹೆಸರನ್ನೇ ಇ.ಎಸ್.ಐ.ಗೆ ಸೇರಿಸಿಲ್ಲ. ಇ.ಎಸ್.ಐ. ಕಂತು ನಮ್ಮ ಸಂಬಳದಲ್ಲಿ ಶೇ. 0.75, ಮಾಲೀಕರಿಂದ ಶೇ. 3.25. ಆ ಮೂರೂಕಾಲು ಉಳಿಸಲು ಇಷ್ಟೆಲ್ಲ. ಆದರೆ ಕೆಲಸದಲ್ಲಿ ಗಾಯವಾದರೆ, ಸೇರಿದ ಮೊದಲ ದಿನವೇ ಆಗಿದ್ದರೂ, ಒಂದು ಕಂತೂ ಕಟ್ಟದಿದ್ದರೂ ಇ.ಎಸ್.ಐ. ಹಕ್ಕು ಉಂಟು. ಗುಣವಾಗುವ ತನಕ ದಿನಗೂಲಿಯ ಶೇ. 90, ಬೆರಳು ಹೋದದ್ದಕ್ಕೆ ಬೇರೆ ಪಿಂಚಣಿ. ಆದರೆ ಗಾಯ ಕೆಲಸದಲ್ಲೇ ಆಗಿರಬೇಕು. ಬಾಗಿಲಿಗೆ ಸಿಕ್ಕಿದ ಬೆರಳಿಗೆ ಇದ್ಯಾವುದೂ ಇಲ್ಲ!

ಇ.ಎಸ್.ಐ. ವ್ಯಾಪ್ತಿಗೇ ಬಾರದ ಸಣ್ಣ ಶಾಪಿನವರಿಗೆ 1923ರಿಂದಲೂ ಪರಿಹಾರದ ಕಾನೂನಿದೆ. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 20 ನಷ್ಟ ಎಂದು ಅದರ ಪಟ್ಟಿಯಲ್ಲೇ ಇದೆ. 30 ವರ್ಷದವನಿಗೆ, ತಿಂಗಳಿಗೆ 15,000 ಸಂಬಳವಿದ್ದರೆ, ಆ ಲೆಕ್ಕ 3,74,000 ರೂಪಾಯಿ ದಾಟುತ್ತದೆ. ಇವರು ಕೊಡುವುದು ಇಪ್ಪತ್ತು ಸಾವಿರ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹಳೆಯದೆಲ್ಲ ರದ್ದು ಎಂದು ಎಚ್‌ಆರ್ ಹೆದರಿಸುತ್ತಿದ್ದಾರೆ. ಬದಲಾದದ್ದು ಕಾಯ್ದೆಯ ಹೆಸರು, ಪರಿಹಾರದ ಹಕ್ಕು ಎಲ್ಲೂ ಹೋಗಿಲ್ಲ.

ಆದ್ದರಿಂದ ಗಾಯವಾದವನು ಎಚ್ಚರವಾಗಿದ್ದರೆ ಡಾಕ್ಟರಿಗೆ ತಾನೇ ಹೇಳಬೇಕು: ಇಂಥ ಕಂಪನಿ, ಇಂಥ ಮಿಷನ್, ಇಷ್ಟು ಗಂಟೆ. ಅವನಿಗೆ ಮಾತಾಡಲಾಗದಿದ್ದರೆ ಪಕ್ಕದವನು ಕೆಲಸ ಬಿಟ್ಟು ಜೊತೆಗೆ ಓಡಬೇಕು, ಸೂಪರ್‌ವೈಸರ್ ಒಬ್ಬನನ್ನೇ ಕಳಿಸಬಾರದು. ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್) ಮಾಡಿ ಎಂದು ಬಾಯಿಬಿಟ್ಟು ಕೇಳಿ. ಕೇಸ್ ಶೀಟಿನ ನಕಲು ಇಟ್ಟುಕೊಳ್ಳಿ, ಅಪಘಾತ ಪುಸ್ತಕದಲ್ಲಿ ಬರೆಸಿ, ಮಿಷನ್ನಿನ ಫೋಟೊ ಬೆಳಗಾಗುವುದರೊಳಗೆ ತೆಗೆಯಿರಿ. ಬೆಳಗ್ಗೆ ಟೇಪ್ ಇರುವುದಿಲ್ಲ!

ಇನ್ನು ನಮ್ಮ ಮಹಾಸಂಘದವರ ವಿಷಯ. ಬೋನಸ್ಸಿಗೆ ಗೇಟಿನ ಮುಂದೆ ಶಾಮಿಯಾನ ಹಾಕಿ ಗಂಟಲು ಹರಿದುಕೊಳ್ಳುವ ನಾಯಕರು, ಈ ಹುಡುಗನ ವಿಷಯ ಹೇಳಿದರೆ ‘ಅವನು ಕಾಂಟ್ರಾಕ್ಟಲ್ವಾ’ ಅಂದರು. ಪ್ರೆಸ್ಸಿಗೆ ಕಾಯಂ ಬೆರಳು ಯಾವುದು, ಕಾಂಟ್ರಾಕ್ಟ್ ಬೆರಳು ಯಾವುದು ಎಂದು ಗೊತ್ತಾಗುತ್ತದೋ? ಇನ್ನೊಂದು ಬಣದವರು ಆಸ್ಪತ್ರೆಗೆ ಬಂದರು, ಬ್ಯಾಂಡೇಜ್ ಕೈ ಹಿಡಿದು ಫೋಟೊ ತೆಗೆಸಿಕೊಂಡರು, ಹೋದರು. ಅವರ ಹಿಂದೆಯೇ ಬಂದವನು ಪರಿಹಾರದಲ್ಲಿ ಪರ್ಸೆಂಟೇಜ್ ಕೇಳುವ ಬ್ರೋಕರ್. ಮಾಲೀಕ ಸುಳ್ಳು ಬರೆಸಿದ, ಇವರು ಅದನ್ನು ಓದಿಯೂ ಸುಮ್ಮನಿದ್ದಾರೆ. ನಮಗೆ ಇವರ ಮೇಲೆಯೇ ಹೆಚ್ಚು ಸಿಟ್ಟು.

‘ಮಾಲೀಕರು ದೇವರಂಥವರು, ಆಸ್ಪತ್ರೆ ಬಿಲ್ ಕಟ್ಟಿದ್ದಾರೆ.’ ಕಟ್ಟಿದ್ದಾರೆ, ಬಾಗಿಲಿನ ಹೆಸರಲ್ಲಿ. ‘ಕೇಸ್ ಹಾಕಿದರೆ ಕೆಲಸ ಹೋಗುತ್ತೆ.’ ಉಳಿದರೆ ಯಾವ ಬೆರಳಲ್ಲಿ ಮಾಡುತ್ತಾನೆ, ಅದನ್ನೂ ಹೇಳಿಬಿಡಿ.

ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಕಾರ್ಮಿಕ ಬರೆದುಕೊಟ್ಟ ಕಾಗದ ಕಾನೂನಿನಲ್ಲಿ ಅಸಿಂಧು. ಹಾಗಿದ್ದರೂ ತಮ್ಮಾ, ಸಹಿ ಹಾಕಬೇಡ. ಆ ರಾಜಿ ಪತ್ರದ ಮೊದಲ ಸಾಲಲ್ಲೂ ಅದೇ ಬಾಗಿಲಿದೆ. ಕೈಯಾರೆ ಒಪ್ಪಿಕೊಂಡ ಸುಳ್ಳನ್ನು ಆಮೇಲೆ ಅಲ್ಲಗಳೆಯುವುದು ಬಲು ಕಷ್ಟ.

ಶನಿವಾರ ಮೊದಲ ಪಾಳಿ ಬಿಟ್ಟ ಕೂಡಲೇ ಎಲ್ಲರೂ ಗೇಟಿನ ಹತ್ತಿರ ಸೇರೋಣ. ಮುಂದೇನು ಎಂಬುದನ್ನು ಅಲ್ಲೇ ತೀರ್ಮಾನಿಸೋಣ. ಕಾಯಂನವರು, ಕಾಂಟ್ರಾಕ್ಟಿನವರು, ಒಡಿಶಾ ಬಿಹಾರದ ಹುಡುಗರು, ಗಾರ್ಮೆಂಟಿನ ಅಕ್ಕಂದಿರು, ಎಲ್ಲರೂ ಬನ್ನಿ. ಕನ್ನಡ ಬಾರದವರಿಗೆ ಇದನ್ನು ಓದಿ ಹೇಳಿ, ಓದಿಯಾದ ಮೇಲೆ ಪಕ್ಕದ ಶಾಪಿಗೆ ದಾಟಿಸಿ.

ಇಂತಿ,
ಪೀಣ್ಯದ ಪ್ರೆಸ್ ಶಾಪಿನ ಕಾರ್ಮಿಕರು