ಹೊಟ್ಟೆ ಕೊಯ್ಸೋಕೂ ಆಫರ್ರಾ ಸ್ವಾಮೀ?

ತುಂಬಾ ದಿನ ಆಗಿತ್ತು ಈ ಕಡೆ ಬಂದು. ಕೆಲಸ, ರಿಲೀಸು, ರಾತ್ರಿ ಕಾಲ್‌ಗಳು... ಅದೇ ಹಳೇ ನೆಪ. ಇವತ್ತು ಬರೆಯೋಕೆ ಕೂತಿರೋದು ಮಾತ್ರ ಸಿಟ್ಟಿನಿಂದ. ಸ್ವಲ್ಪ ಉದ್ದ ಆಗತ್ತೆ, ತಡ್ಕೊಳ್ಳಿ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಕೊಟ್ಟೂರು, ಅಕ್ಕನನ್ನ ಕೊಟ್ಟಿರೋದು ಹಗರಿಬೊಮ್ಮನಹಳ್ಳಿಗೆ. ಖಾಸಗಿ ಶಾಲೆಯಲ್ಲಿ ಟೀಚರ್. ವಯಸ್ಸು 36, ಎತ್ತರ 158 ಸೆಂ.ಮೀ., ತೂಕ 96 ಕೆ.ಜಿ. ಎರಡನೇ ಹೆರಿಗೆ ಆದ ಮೇಲೆ ಏರಿದ ತೂಕ ಇಳಿಯಲೇ ಇಲ್ಲ. ಸಕ್ಕರೆ ಕಾಯಿಲೆಗೆ ದಿನಾ ಎರಡು ಮಾತ್ರೆ. ರಾತ್ರಿ ಮಲಗಿದ್ರೆ ಎದೆಯುರಿ, ಹುಳಿತೇಗು. ಎರಡು ದಿಂಬು ಪೇರಿಸಿಕೊಂಡು ಅರ್ಧ ಕೂತೇ ನಿದ್ದೆ ಮಾಡ್ತಾಳೆ.

ನಾನು ಹೋದಾಗ ಹೇಳಿದಳು: "ತಮ್ಮಾ, ಆಪರೇಶನ್ ಮಾಡಿಸ್ಕಳ್ತೀನಿ. ಹತ್ತು ಸಾವಿರ ಅಡ್ವಾನ್ಸ್ ಕಟ್ಟಿ ಬಂದೀನಿ."

ಆಗಿದ್ದಿಷ್ಟು. ಪೇಪರಿನ ಜೊತೆ ಒಂದು ಪಾಂಪ್ಲೆಟ್ ಬಂದಿತ್ತು. ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಉಚಿತ ಬೊಜ್ಜು ತಪಾಸಣಾ ಶಿಬಿರ. ಅಕ್ಕ, ಭಾವ ಇಬ್ಬರೂ ಹೋಗಿದ್ದಾರೆ. ಅಲ್ಲಿ ಡಾಕ್ಟರ್ ಇರಲಿಲ್ಲ. ಟೈ ಕಟ್ಟಿದ ಹುಡುಗನೊಬ್ಬ, ಒಂದು ತೂಕದ ಮಿಷಿನ್ನು, ಒಂದು ಲ್ಯಾಪ್‌ಟಾಪು. ಎತ್ತರ, ತೂಕ ಬರ್ಕೊಂಡು, ಬಿಎಂಐ 38.5 ಅಂತ ಹೇಳಿ, "ಮೇಡಂ, ನಿಮಗೆ ಸ್ಲೀವ್ ಸರ್ಜರಿ. ಇವತ್ತೇ ಬುಕ್ ಮಾಡಿದ್ರೆ ಮೂವತ್ತು ಸಾವಿರ ಡಿಸ್ಕೌಂಟು, ಉಳಿದಿದ್ದಕ್ಕೆ ಇಎಂಐ" ಅಂದನಂತೆ.

"ಎದೆಯುರಿ ಇದೆಯಾ ಅಂತ ಕೇಳಿದ್ನಾ?" ಅಂದೆ.

"ಇಲ್ಲ. ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿದ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ನಮ್ಮ ಆಫೀಸಲ್ಲಿ ಕ್ಲೈಂಟಿಗೆ ಏನು ಬೇಕು ಅಂತ ಕೇಳದೆ ಒಂದು ಬಟನ್ನಿನ ಬಣ್ಣ ಬದಲಾಯಿಸಲ್ಲ. ಇಲ್ಲಿ ಒಂದು ಹೆಣ್ಣುಮಗಳ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯೋ ತೀರ್ಮಾನ ಹತ್ತು ನಿಮಿಷದಲ್ಲಿ, ಕ್ಯಾಲ್ಕುಲೇಟರ್ ಮೇಲೆ ಆಗಿಹೋಯ್ತು!

ಮೊದಲು ಒಂದು ಗೊಂದಲ ತೀರಿಸ್ತೀನಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸೋಕೆ ಹೋಗಿ ತೀರಿಕೊಂಡರು. ಇನ್ನೂ 21 ವರ್ಷ. ಅವತ್ತಿಂದ ನಮ್ಮ ಕಡೆ ತೂಕ ಇಳಿಸೋ ಆಪರೇಶನ್ ಅಂದ್ರೆ ಸಾಕು, "ಆ ಟೀವಿ ಹುಡುಗಿ ಸತ್ತಳಲ್ಲ, ಅದಾ?" ಅಂತಾರೆ. ಅದಲ್ಲ. ಅದು ಲೈಪೋಸಕ್ಷನ್, ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯೋದು. ಅದು ಆಕಾರ ತಿದ್ದೋ ಚಿಕಿತ್ಸೆ, ಬೊಜ್ಜಿನ ಕಾಯಿಲೆಗೆ ಮದ್ದಲ್ಲ. ಬೇರಿಯಾಟ್ರಿಕ್ ಸರ್ಜರಿ ಮಾಡೋದು ಜಠರ ಮತ್ತು ಕರುಳಿನ ಮೇಲೆ. ಅದರಿಂದ ಹಸಿವಿನ ಹಾರ್ಮೋನುಗಳೂ ಬದಲಾಗ್ತವೆ, ಸಕ್ಕರೆಯೂ ಹತೋಟಿಗೆ ಬರುತ್ತೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಹೆದರೋದೂ ತಪ್ಪು, ಎರಡನ್ನೂ ಒಂದೇ ಬ್ಯಾನರಿನಲ್ಲಿ ಮಾರೋದೂ ತಪ್ಪು.

ಇನ್ನು ಆ ಹುಡುಗನ ಸ್ಲೀವ್ ವಿಷಯ. ಸ್ಲೀವ್ ಅಂದ್ರೆ ಜಠರದ ಸುಮಾರು 75-80 ಭಾಗ ಕತ್ತರಿಸಿ ತೆಗೆದು, ಉಳಿದಿದ್ದನ್ನ ಬಾಳೆಹಣ್ಣಿನ ಆಕಾರದ ಕೊಳವೆ ಮಾಡೋದು. ಕತ್ತರಿಸಿದ್ದು ಮತ್ತೆ ಬರಲ್ಲ. ಬೈಪಾಸ್ ಅಂದ್ರೆ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸೋದು. ರೂ-ಎನ್-ವೈ ಅಂತ ಹಳೇ ವಿಧಾನದಲ್ಲಿ ಎರಡು ಜೋಡಣೆ, ಮಿನಿ ಬೈಪಾಸಲ್ಲಿ ಒಂದು. ಹಿಂದೆ ಜಠರಕ್ಕೆ ಪಟ್ಟಿ ಬಿಗೀತಿದ್ರು, ಈಗ ಅದು ಹೆಚ್ಚುಕಮ್ಮಿ ಮೂಲೆ ಸೇರಿದೆ. ಬಲೂನ್ ಅಂತೂ ಸರ್ಜರಿಯೇ ಅಲ್ಲ, ಕೆಲವು ತಿಂಗಳ ಮಟ್ಟಿಗಷ್ಟೇ.

ಯಾವುದು ಒಳ್ಳೇದು? ಈ ಪ್ರಶ್ನೆಯೇ ತಪ್ಪು ಅಂತ ನನ್ನ ವಾದ. ಯಾರಿಗೆ ಒಳ್ಳೇದು ಅಂತ ಕೇಳಬೇಕು. ಫಿನ್ಲೆಂಡಿನಲ್ಲಿ 240 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿದ ಸ್ಲೀವ್‌ಪಾಸ್ ಅನ್ನೋ ಅಧ್ಯಯನ ಇದೆ. ಹತ್ತು ವರ್ಷದ ಫಲಿತಾಂಶ 2022ರಲ್ಲಿ ಬಂತು. ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರು ಕಳಕೊಂಡಿದ್ದು ಶೇ. 43.5, ಬೈಪಾಸ್‌ನವರು ಶೇ. 50.7. ಸಕ್ಕರೆ ಕಾಯಿಲೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಆಸಿಡ್ ಮೇಲೆ ನುಗ್ಗಿ ಅನ್ನನಾಳ ಹುಣ್ಣಾಗಿದ್ದು ಸ್ಲೀವ್‌ನವರಲ್ಲಿ ಶೇ. 31, ಬೈಪಾಸ್‌ನವರಲ್ಲಿ ಶೇ. 7!

ಎರಡು ದಿಂಬು ಪೇರಿಸಿ ಮಲಗೋ ನಮ್ಮಕ್ಕನಿಗೆ ಯಾವ ಅಂಕಿ ಮುಖ್ಯ ಅಂತ ನೀವೇ ಹೇಳಿ. ಆಪರೇಶನ್ ಮುಂಚೆ ಒಂದು ಎಂಡೋಸ್ಕೋಪಿ ಮಾಡಿಸಿದ್ರೆ ಗೊತ್ತಾಗೋ ವಿಷಯ ಇದು.

ಹಾಗಂತ ಬೈಪಾಸ್ ದೇವರ ಪ್ರಸಾದವೂ ಅಲ್ಲ. ಸ್ಲೀವ್ ಕೆಟ್ಟದ್ದೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮಾಡೋದೂ ಅದನ್ನೇ, ಎಷ್ಟೋ ಜನರಿಗೆ ಅದೇ ಸರಿ. ನನ್ನ ತಕರಾರು ಏನಂದ್ರೆ, ಸ್ಲೀವಿಗೆ ಸಮಯ ಕಡಿಮೆ, ಕರುಳು ಜೋಡಿಸೋ ತಾಪತ್ರಯ ಇಲ್ಲ. ಸ್ಲೀವ್ ಮಾತ್ರ ಬಲ್ಲ ಸರ್ಜನ್ ಹತ್ರ ಹೋದ್ರೆ ನಿಮ್ಮ ಕಾಯಿಲೆಗೆ ಉತ್ತರ ಯಾವಾಗಲೂ ಸ್ಲೀವೇ ಆಗಿರುತ್ತೆ. ನಮ್ಮಲ್ಲೂ ಇಲ್ವಾ, ಜಾವಾ ಮಾತ್ರ ಬರೋನಿಗೆ ಎಲ್ಲ ಪ್ರಾಬ್ಲಮ್ಮೂ ಜಾವಾದಲ್ಲೇ ಕಾಣೋದು :-)

ಬೈಪಾಸ್‌ನ ಕಷ್ಟ ನಮ್ಮ ಕಡೆ ಬೇರೆ ಥರ ಬರುತ್ತೆ. ಹಡಗಲಿಯಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರು ದೊಡ್ಡ ಊರಲ್ಲಿ ಬೈಪಾಸ್ ಮಾಡಿಸ್ಕೊಂಡು ಬಂದ್ರು. ಮೂವತ್ತು ಕೆ.ಜಿ. ಇಳಿದ್ರು, ಎಲ್ಲರಿಗೂ ಪೇಡೆ ಹಂಚಿದ್ರು. ವಿಟಮಿನ್ ಮಾತ್ರೆ ಜೀವನಪೂರ್ತಿ ನುಂಗಬೇಕು ಅಂತ ಹೇಳಿದ್ರೋ ಇಲ್ವೋ, ಡಿಸ್ಚಾರ್ಜ್ ಚೀಟಿ ಇಂಗ್ಲೀಷಿನಲ್ಲಿತ್ತು. ಆರು ತಿಂಗಳಿಗೆ ಮಾತ್ರೆ ಬಿಟ್ರು. ಎರಡು ವರ್ಷಕ್ಕೆ ಪಾದ ಜುಮ್ಮೆನ್ನೋದು, ನಡಿಗೆ ತೂರಾಡೋದು. ವಾತ ಅಂತ ಎಣ್ಣೆ ತಿಕ್ಕಿದ್ರು. ಕೊನೆಗೆ ರಕ್ತ ಪರೀಕ್ಷೆ ಮಾಡಿದ್ರೆ ಬಿ12 ತಳ ಸೇರಿತ್ತು. ಇನ್ನೊಂದು ಅಪಾಯ ಮಂಡಿನೋವಿನ ಸೂಜಿ. ನಮ್ಮ ಹಳ್ಳಿಗಳಲ್ಲಿ ಮೈಕೈ ನೋವು ಅಂದ್ರೆ ಡೈಕ್ಲೋಫೆನಾಕ್ ಚುಚ್ಚಿಬಿಡ್ತಾರೆ. ಬೈಪಾಸ್ ಆದವರಿಗೆ ಆ ಜಾತಿಯ ನೋವಿನ ಮದ್ದು ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಬಹುದು. ಇದನ್ನ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡೋಕೆ ಎಷ್ಟು ಖರ್ಚು?

ಈಗ ಸರ್ಜನ್ ವಿಷಯಕ್ಕೆ ಬರ್ತೀನಿ. "ಎಲ್ಲಾ ಡಾಕ್ಟ್ರೂ ಒಂದೇ, ಎಲ್ಲಾರೂ ಓದೇ ಬಂದಿರ್ತಾರೆ" ಅಂತ ನಮ್ಮ ದೊಡ್ಡಪ್ಪ. ಇಲ್ಲ ದೊಡ್ಡಪ್ಪ. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಮಿಶಿಗನ್‌ನ 20 ಬೇರಿಯಾಟ್ರಿಕ್ ಸರ್ಜನ್‌ಗಳು ತಾವು ಮಾಡಿದ ಬೈಪಾಸ್ ಸರ್ಜರಿಯ ವಿಡಿಯೋ ಕೊಟ್ರು. ಯಾರದು ಅಂತ ತಿಳಿಸದೆ ಬೇರೆ ಸರ್ಜನ್‌ಗಳು ಕೈಚಳಕಕ್ಕೆ ಅಂಕ ಹಾಕಿದ್ರು. ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ತೊಂದರೆ ಆಗಿದ್ದು ಶೇ. 14.5, ಮೇಲಿನ ಕಾಲು ಭಾಗದವರಲ್ಲಿ ಶೇ. 5.2. ಸಾವು ಶೇ. 0.26 ಮತ್ತು ಶೇ. 0.05. ಅಂದ್ರೆ ಐದು ಪಟ್ಟು ವ್ಯತ್ಯಾಸ! ಎಲ್ಲರೂ ಕ್ವಾಲಿಫೈಡ್, ಎಲ್ಲರೂ ಅದೇ ಆಪರೇಶನ್ ಮಾಡೋರು.

ಹೆದರಿಸೋಕೆ ಹೇಳ್ತಿಲ್ಲ. ಅಭ್ಯಾಸ ಇರೋ ಕೈಯಲ್ಲಿ ಈ ಸರ್ಜರಿಯ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶದ ಆಪರೇಶನ್ನಿನ ಹಾಗೆ. ಮಿತಿಮೀರಿದ ಬೊಜ್ಜು, ಸಕ್ಕರೆ ಇಟ್ಕೊಂಡು ಸುಮ್ಮನೆ ಕೂರೋದೂ ಅಪಾಯವೇ. ಅದಕ್ಕೇ ಆ ಅಭ್ಯಾಸ ಇರೋ ಕೈ ಯಾರದು ಅಂತ ತಿಳಿಯೋ ಹಕ್ಕು ನಮಗೆ ಬೇಕು. ಶಿಬಿರದ ಹುಡುಗನನ್ನ ಅಕ್ಕ "ಡಾಕ್ಟ್ರು ಯಾರು?" ಅಂತ ಕೇಳಿದ್ದಕ್ಕೆ "ನಮ್ಮ ಟೀಮ್ ಐತೆ ಮೇಡಂ" ಅಂದನಂತೆ. ಹೋಟೆಲಿನ ಮಿರ್ಚಿ ಯಾರು ಕರಿದದ್ದು ಅಂತ ನಮ್ಮೂರಲ್ಲಿ ಕೇಳ್ತೀವಿ ಕಣ್ರೀ!

ಕೇಳಬೇಕಾದ ಪ್ರಶ್ನೆಗಳು ನನ್ನ ಪ್ರಕಾರ ಇವು:

1. ಎಂಎಸ್ ಆದ ಮೇಲೆ ಬೇರಿಯಾಟ್ರಿಕ್ ತರಬೇತಿ ಎಲ್ಲಿ ಪಡೆದ್ರಿ? ಸ್ಲೀವ್, ಬೈಪಾಸ್ ಎರಡನ್ನೂ ಮಾಡ್ತೀರಾ? ಕಳೆದ ವರ್ಷ ಎಷ್ಟು ಮಾಡಿದ್ರಿ?
2. ಎಷ್ಟು ಜನರಿಗೆ ಲೀಕ್, ರಕ್ತಸ್ರಾವ ಆಯ್ತು? ಎಷ್ಟು ಜನರನ್ನ ಮತ್ತೆ ಥಿಯೇಟರಿಗೆ ಒಯ್ದಿರಿ? (ಒಬ್ಬರಿಗೂ ಏನೂ ಆಗಿಲ್ಲ ಅಂದ್ರೆ ಎದ್ದು ಬನ್ನಿ.)
3. ನನಗೆ ಇದೇ ಯಾಕೆ, ಇನ್ನೊಂದು ಯಾಕೆ ಬೇಡ?
4. ಐಸಿಯು ಇದೇ ಕಟ್ಟಡದಲ್ಲಿದೆಯಾ? ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ?
5. ಐದು ವರ್ಷದ ನಂತರ ನನ್ನ ರಕ್ತ ಪರೀಕ್ಷೆ ನೋಡೋರು ಯಾರು?

ನಾಲ್ಕನೇ ಪ್ರಶ್ನೆ ಬೆಂಗಳೂರಿನವರಿಗೆ ಸಣ್ಣದು ಅನ್ನಿಸಬಹುದು, ನಮಗಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಾದ್ರೂ ಜೋರು ಕಾಯಿಲೆ ಬಂದ್ರೆ ಓಡೋದು ದಾವಣಗೆರೆಗೇ. ಸ್ಟೇಪಲ್ ಹಾಕಿದ ಜಾಗ ಸೋರೋದು ಆಪರೇಶನ್ ಆದ ಕೆಲವು ದಿನ, ಕೆಲವೊಮ್ಮೆ ವಾರಗಳ ಮೇಲೆ. ಅಷ್ಟೊತ್ತಿಗೆ ರೋಗಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಕೂಡ್ಲಿಗಿಯಲ್ಲಿ ಇಳಿದು ಮನೆ ಸೇರಿರ್ತಾಳೆ. ನಾಡಿ ಜೋರಾಗಿ ಬಡಕೊಳ್ಳೋದು, ಜ್ವರ, ಹೊಟ್ಟೆನೋವು. ಗ್ಯಾಸ್ ಅಂತ ಸೋಡಾ ಕುಡಿಸ್ತಾರೆ. ಕಳೆದುಹೋಗೋ ಆ ಒಂದು ರಾತ್ರಿಯಲ್ಲಿ ಜೀವ ಹೋಗಬಹುದು. ಅದಕ್ಕೇ ಮೊದಲ ತಿಂಗಳು ಆಸ್ಪತ್ರೆಗೆ ಹತ್ತಿರ ಉಳಿಯೋ ವ್ಯವಸ್ಥೆ ಇಲ್ಲದಿದ್ರೆ ಡಿಸ್ಕೌಂಟು ತಗೊಂಡು ಏನ್ ಮಾಡೋದು?

ಇನ್ಶೂರೆನ್ಸಿನವರದು ಇನ್ನೊಂದು ಕಥೆ. ಐಆರ್‌ಡಿಎಐ 2019ರಲ್ಲಿ ತಂದ ನಿಯಮದ ಪ್ರಕಾರ ಬಿಎಂಐ 40 ದಾಟಿರಬೇಕು, ಇಲ್ಲಾ 35 ದಾಟಿ ಜೊತೆಗೆ ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು ಅಥವಾ ಹತೋಟಿಗೆ ಬರದ ಸಕ್ಕರೆ ಕಾಯಿಲೆ ಇರಬೇಕು. ಬೊಜ್ಜು ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಗಳು 2022ರಲ್ಲೇ 35 ದಾಟಿದ್ರೆ ಸಾಕು, ಏಷ್ಯಾದವರಿಗೆ ಮಿತಿ ಇನ್ನೂ ಕೆಳಗಿರಬೇಕು ಅಂತ ಹೇಳಿವೆ. ಕಡಿಮೆ ತೂಕಕ್ಕೇ ನಮಗೆ ಸಕ್ಕರೆ ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಭಾವನ ಪಾಲಿಸಿಯವರು ಏನಂದ್ರು ಗೊತ್ತಾ? ಸಕ್ಕರೆ ಎರಡು ಮಾತ್ರೆಯಲ್ಲಿ ಹತೋಟಿಯಲ್ಲಿದೆಯಲ್ಲ, ಹಾಗಾಗಿ ಬರಲ್ಲ! ಅಂದ್ರೆ ಮಾತ್ರೆ ಬಿಟ್ಟು, ಸಕ್ಕರೆ ಏರಿಸ್ಕೊಂಡು ಬಾ ತಾಯಿ ಅಂತಲಾ?

"ಪ್ರಶ್ನೆ ಕೇಳಿದ್ರೆ ಡಾಕ್ಟ್ರಿಗೆ ಸಿಟ್ಟು ಬರುತ್ತೆ" ಅಂತಾರೆ. ಬರಲಿ. ಇದು ತುರ್ತು ಆಪರೇಶನ್ ಅಲ್ಲ, ಸಿಟ್ಟು ಮಾಡೋರನ್ನ ಬಿಟ್ಟು ಇನ್ನೊಬ್ಬರ ಹತ್ರ ಹೋಗೋಕೆ ಟೈಮ್ ಇದೆ. "ಬಾಯಿ ಕಟ್ಟಿದ್ರೆ ಸಾಕು, ಸೋಮಾರಿಗಳಿಗೆ ಆಪರೇಶನ್ನು" ಅನ್ನೋರಿಗೂ ಒಂದು ಮಾತು. ನಮ್ಮಕ್ಕ ಮೂರು ಸಲ ಹತ್ತತ್ತು ಕೆ.ಜಿ. ಇಳಿಸಿದ್ದಾಳೆ, ಮೂರು ಸಲವೂ ತಿರುಗಿ ಬಂದಿದೆ. ಮದುವೆ ಮನೇಲಿ ಎರಡನೇ ಹೋಳಿಗೆಗೆ ಕೈ ಹಾಕೋಕೂ ಹೆದರ್ತಾಳೆ, ಯಾರು ಏನಂತಾರೋ ಅಂತ. ಆ ಮಾತುಗಳೇ ಅವಳನ್ನ ಶಿಬಿರದ ಹುಡುಗನ ಕೈಗೆ ಕೊಟ್ಟಿದ್ದು. ಅವನು ಒಬ್ಬನೇ ಅವಳನ್ನ ಬೈಯಲಿಲ್ಲವಂತೆ.

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. 2007ರ ಕೆಪಿಎಂಇ ಕಾಯ್ದೆ ಇದೆ, ಖಾಸಗಿ ಆಸ್ಪತ್ರೆ ನೋಂದಣಿ ಮಾಡಿಸಬೇಕು, ದರಪಟ್ಟಿ ಹಾಕಬೇಕು. ದರದ ಪಕ್ಕದಲ್ಲೇ ಕಳೆದ ವರ್ಷ ಎಷ್ಟು ಬೇರಿಯಾಟ್ರಿಕ್ ಸರ್ಜರಿ ಆಯ್ತು, ಎಷ್ಟು ಲೀಕ್, ಎಷ್ಟು ಸಾವು ಅಂತಲೂ ಹಾಕಿಸಿ. ಡಾಕ್ಟರ್ ಇಲ್ಲದ ಶಿಬಿರದಲ್ಲಿ ಅಡ್ವಾನ್ಸ್ ಕಟ್ಟಿಸಿಕೊಳ್ಳೋದನ್ನ ನಿಲ್ಲಿಸಿ.

ಅಕ್ಕನ ಕಥೆ ಏನಾಯ್ತು ಅಂದ್ರಾ? ದಾವಣಗೆರೆಗೆ ಕರ್ಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದೆ. ಹರ್ನಿಯಾ ಇದೆ, ಅನ್ನನಾಳ ಆಗಲೇ ಕೆಂಪಾಗಿದೆ. ಆಮೇಲೆ ನೋಡಿದ ಸರ್ಜನ್ ಮುಕ್ಕಾಲು ಗಂಟೆ ಕೂರಿಸಿ ಮಾತಾಡಿದ್ರು. "ನಿಮಗೆ ಸ್ಲೀವ್ ನಾನು ಮಾಡಲ್ಲಮ್ಮ. ಮಾಡಿದ್ರೆ ಬೈಪಾಸ್. ಅದಕ್ಕೂ ಮುಂಚೆ ಆರು ತಿಂಗಳು ಇಂಜೆಕ್ಷನ್ ನೋಡಬಹುದು" ಅಂದ್ರು. ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೋವಿ ಜೂನಿನಲ್ಲಿ ಇಂಡಿಯಾಕ್ಕೆ ಬಂದಿವೆಯಲ್ಲ, ಅವು. ನಿಲ್ಲಿಸಿದ್ರೆ ತೂಕ ವಾಪಸ್ ಬರೋ ಸಾಧ್ಯತೆ ಹೆಚ್ಚು ಅಂತಲೂ ಅವರೇ ಹೇಳಿದ್ರು. ನನ್ನ ಐದು ಪ್ರಶ್ನೆಗೆ ಡೈರಿ ತೆಗೆದು ಉತ್ತರ ಕೊಟ್ರು. ಎರಡು ಲೀಕ್ ಆಗಿದ್ದನ್ನೂ ಮುಚ್ಚಿಡಲಿಲ್ಲ.

ಕಟ್ಟಿದ ಹತ್ತು ಸಾವಿರ ವಾಪಸ್ ಬರಲಿಲ್ಲ. ಹೋಗಲಿ.

ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. "ತೆಳ್ಳಗೆ ಆಗೋದು ಬ್ಯಾಡ ತಮ್ಮಾ, ಕೊಟ್ಟೂರು ತೇರಿಗೆ ಒಂದ್ಸಲ ನಡಕಂತ ಬರಂಗಾದ್ರೆ ಸಾಕು" ಅಂತಾಳೆ. ಯಾವ ದಾರಿ ಹಿಡಿದ್ರೂ ಈ ಸಲ ತಿಳಿದೇ ಹಿಡೀತಾಳೆ.

ನಿಮ್ಮ ಮನೇಲಿ, ಊರಲ್ಲಿ ಯಾರಾದ್ರೂ ಮಾಡಿಸಿಕೊಂಡಿದ್ರೆ ಐದು ವರ್ಷದ ನಂತರ ಹೇಗಿದ್ದಾರೆ ಅಂತ ಬರೀರಿ. ಮೊದಲ ಆರು ತಿಂಗಳ ಫೋಟೋ ಎಲ್ಲಾ ಆಸ್ಪತ್ರೆಯ ಗೋಡೆ ಮೇಲೂ ಇದೆ, ಅದು ಬೇಡ. ಐದು ವರ್ಷದ್ದು ಬೇಕು. ಕನ್ನಡದಲ್ಲಿ ಅಂಥದ್ದು ನಾಲ್ಕು ಬರಹ ಇದ್ದಿದ್ರೆ ನಮ್ಮಕ್ಕ ಆ ಪಾಂಪ್ಲೆಟ್ ನಂಬ್ತಿರಲಿಲ್ಲ.