ವಂಶಾವಳಿಯ ಹಂಬಲ

ಹೊಸ ಮತವೊಂದು ತಾನು ಪುರಾತನವೆಂದು ಹೇಳಿಕೊಂಡೇ ಹುಟ್ಟುವುದು ಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ. ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ಸರಪಣಿಯ ಕೊನೆಯ ಕೊಂಡಿ ತಾನೆನ್ನುವವನ ಮಾತಿಗೆ ಬರುವ ತೂಕ, ನಿನ್ನೆ ತಾನೆ ಯೋಚಿಸಿ ಕಂಡುಕೊಂಡೆನೆನ್ನುವವನ ಮಾತಿಗೆ ಬಾರದು. ಇಂಗ್ಲೆಂಡಿನಲ್ಲಿ ಎಪ್ಪತ್ತು ವರ್ಷಗಳಿಂದ ಬೆಳೆದುಬಂದಿರುವ 'ವಿಕ್ಕ' ಎಂಬ ಮಾಟಗಾರರ ಮತವೂ, ಅದಕ್ಕೆ ಎದುರಾಗಿ 'ಸಾಂಪ್ರದಾಯಿಕ ಮಾಟ'ವೆಂಬ ಹೆಸರಿಟ್ಟುಕೊಂಡ ಪಂಥಗಳೂ ಈ ಹಂಬಲಕ್ಕೆ ಒಳ್ಳೆಯ ನಿದರ್ಶನಗಳು. ಅಲ್ಲಿ ದೀಕ್ಷೆಯಿಲ್ಲದೆ ಪ್ರವೇಶವಿಲ್ಲ. ದೀಕ್ಷೆ ಕೊಟ್ಟವರಾರು, ಅವರಿಗೆ ಕೊಟ್ಟವರಾರು ಎಂಬುದನ್ನು ಹೇಳದೆ ಮನ್ನಣೆಯಿಲ್ಲ. ಅವರ ಆರಾಧನೆಯ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಯಾರು ಯಾವ ದೇವತೆಯನ್ನು ಯಾವ ಬೆಳದಿಂಗಳಿನಲ್ಲಿ ಪೂಜಿಸಿದರೇನು? ಆದರೆ ಆ ವಂಶಾವಳಿಯ ಬುಡದಲ್ಲಿ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ನೇಣುಗಂಬವೇರಿದ ಬಡ ಹೆಂಗಸರನ್ನು ತಂದು ನಿಲ್ಲಿಸಿದಾಗ ಮಾತ್ರ ತಡೆದು ಕೇಳಬೇಕಾಗುತ್ತದೆ.

ಈ ವಂಶಾವಳಿಗೆ ವಿದ್ವತ್ತಿನ ಮುದ್ರೆಯೊತ್ತಿಕೊಟ್ಟವರು ಮಾಟಗಾರರಲ್ಲ, ಒಬ್ಬ ವಿದುಷಿ. 1863ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಈಜಿಪ್ಟಿನ ಪುರಾತತ್ತ್ವದಲ್ಲಿ ಹೆಸರು ಮಾಡಿದ ಮಾರ್ಗರೆಟ್ ಮರೆ. ಯೂರೋಪಿನಲ್ಲಿ ಮಾಟಗಾತಿಯರೆಂದು ಸತ್ತವರು ನಿಜವಾಗಿ ಕ್ರಿಸ್ತಪೂರ್ವದ ಒಂದು ಗುಪ್ತಧರ್ಮದ ಅನುಯಾಯಿಗಳೆಂದೂ, ಕೊಂಬಿನ ದೇವರನ್ನು ಹದಿಮೂರು ಮಂದಿಯ ಕೂಟಗಳಲ್ಲಿ ಪೂಜಿಸುತ್ತಿದ್ದರೆಂದೂ 1921ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. 1929ರಲ್ಲಿ ಬ್ರಿಟಾನಿಕಾ ವಿಶ್ವಕೋಶದಲ್ಲಿ ಮಾಟದ ಮೇಲಣ ಲೇಖನವನ್ನು ಬರೆದವರೂ ಅವರೇ. ಒಬ್ಬರ ಊಹೆ ಹೀಗೆ ಎಲ್ಲರ ತಿಳಿವಳಿಕೆಯಾಯಿತು. ವಿಚಾರಣೆಯ ಹೇಳಿಕೆಗಳಲ್ಲಿ ಆಕಾಶದಲ್ಲಿ ಹಾರಿದ, ಪ್ರಾಣಿಯ ರೂಪ ತಾಳಿದ ಮಾತುಗಳನ್ನು ಕತ್ತರಿಸಿ, ನಂಬಲು ಸಾಧ್ಯವೆನಿಸುವ ವಾಕ್ಯಗಳನ್ನಷ್ಟೇ ಅವರು ಎತ್ತಿಕೊಂಡಿದ್ದರೆಂಬುದನ್ನು 1975ರಲ್ಲಿ ನಾರ್ಮನ್ ಕೋನ್ ಮೂಲಗಳೊಡನೆ ಹೋಲಿಸಿ ತೋರಿಸಿಕೊಟ್ಟರು. ಪಾಠಾಂತರಗಳೊಡನೆ ಹೆಣಗುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅಪರಾಧ ಕಾಣದು.

ಜೆರಾಲ್ಡ್ ಗಾರ್ಡ್ನರ್ ಬಂದದ್ದು ಈ ಸಿದ್ಧನೆಲದ ಮೇಲೆ. ಸಿಂಹಳದ ಚಹಾ ತೋಟಗಳಲ್ಲಿಯೂ ಮಲಯದ ಸುಂಕದ ಇಲಾಖೆಯಲ್ಲಿಯೂ ದುಡಿದು, 1936ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ಈತ, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದಲ್ಲಿ ಉಳಿದುಕೊಂಡಿದ್ದ ಪ್ರಾಚೀನ ಕೂಟವೊಂದು ತನಗೆ ದೀಕ್ಷೆಯಿತ್ತಿತೆಂದು ಹೇಳಿಕೊಂಡ. ಮಾಟದ ಮೇಲಿನ ಹಳೆಯ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ ಪುಸ್ತಕ ಹೊರಬಂತು. ಮುನ್ನುಡಿ ಮಾರ್ಗರೆಟ್ ಮರೆಯವರದೇ. 1953ರಲ್ಲಿ ಅವನಿಂದ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟೆ ಸೂಕ್ಷ್ಮಮತಿ. ಪುರಾತನವೆನ್ನುವ ವಿಧಿಗಳಲ್ಲಿ ಅಲೈಸ್ಟರ್ ಕ್ರೌಲಿಯ ವಾಕ್ಯಗಳನ್ನು ಆಕೆ ಗುರುತು ಹಿಡಿದಳು. ಹಿಡಿದು, ತಾನೇ ಕುಳಿತು ಅವನ್ನು ಹೊಸದಾಗಿ ಬರೆದಳು. ಆಕೆಯ ಬರಹದಲ್ಲಿ ಕವಿತ್ವವಿದೆಯೆಂಬುದನ್ನು ಒಪ್ಪಲೇಬೇಕು. ಮುಂದೆ ಅಲೆಕ್ಸ್ ಸ್ಯಾಂಡರ್ಸ್ ತನಗೆ ಅಜ್ಜಿಯೇ ದೀಕ್ಷೆ ಕೊಟ್ಟಳೆಂದ. 1966ರಲ್ಲಿ ತೀರಿಕೊಂಡ ರಾಬರ್ಟ್ ಕಾಕ್ರೇನ್ ತನ್ನದು ಮನೆತನದ ವಿದ್ಯೆಯೆಂದ. ಇಂಥ ಕಥೆಗಳಲ್ಲಿ ಅಜ್ಜಿಯರಿಗೆ ಬಿಡುವೇ ಇಲ್ಲ.

ದಾಖಲೆಯಲ್ಲಿ ಕಾಣುವ ಅಜ್ಜಿಯೊಬ್ಬಳಿದ್ದಾಳೆ. 1612ರ ಮಾರ್ಚ್ ತಿಂಗಳಿನಲ್ಲಿ ಲ್ಯಾಂಕಾಷೈರಿನ ಕೋನ್ ಎಂಬ ಊರಿನ ಬಳಿ ಅಲಿಜನ್ ಡಿವೈಸ್ ಎಂಬ ಹುಡುಗಿ, ಹೊರೆ ಹೊತ್ತು ಮಾರುವ ವ್ಯಾಪಾರಿಯೊಬ್ಬನನ್ನು ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಪಾರ್ಶ್ವವಾಯು ಬಡಿದಂತಾಗಿ ಬಿದ್ದ. ತನ್ನ ಮಾತೇ ತಗುಲಿತೆಂದು ಹುಡುಗಿಯೂ ನಂಬಿದಳು. ಅವನೆದುರು ಅತ್ತು ಕ್ಷಮೆ ಬೇಡಿದಳು. ಅಲ್ಲಿಂದ ಹಬ್ಬಿದ ಬೆಂಕಿ ಪೆಂಡ್ಲ್ ಬೆಟ್ಟದ ಸುತ್ತಲಿನ ಮನೆಗಳನ್ನು ಸುಟ್ಟಿತು. ಎಂಬತ್ತರ ಹರೆಯದ, ಕಣ್ಣು ಕಾಣದ ಅವಳ ಅಜ್ಜಿ ಎಲಿಜಬೆತ್ ಸದರ್ನ್ಸ್ ವಿಚಾರಣೆಗೆ ಮೊದಲೇ ಸೆರೆಮನೆಯಲ್ಲಿ ಸತ್ತಳು. ತಂಗಿ ಜೆನೆಟ್, ಒಂಬತ್ತು ವರ್ಷದ ಮಗು, ಎಲ್ಲರಿಗೂ ಕಾಣಲೆಂದು ಮೇಜಿನ ಮೇಲೆ ನಿಲ್ಲಿಸಲ್ಪಟ್ಟು ತನ್ನ ತಾಯಿಯ ಮೇಲೆ, ಅಣ್ಣನ ಮೇಲೆ ಸಾಕ್ಷಿ ನುಡಿಯಿತು. ಆಗಸ್ಟ್ 20ರಂದು ಲ್ಯಾಂಕಾಸ್ಟರಿನಲ್ಲಿ ಹತ್ತು ಮಂದಿಗೆ ನೇಣಾಯಿತು. ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸ್ ಮರುವರ್ಷ ಇದನ್ನೆಲ್ಲ ಅಚ್ಚು ಹಾಕಿಸಿದ.

ಆ ಮನೆಯಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಂದ ವಿದ್ಯೆ ಯಾವುದು? ಪಾಟ್ಸ್ ಅದನ್ನೂ ಬರೆದಿದ್ದಾನೆ. ತಾಯಿ ಕಲಿಸಿದ ಎರಡು ಪ್ರಾರ್ಥನೆಗಳನ್ನು ಜೆನೆಟ್ ಹೇಳಿದಳು: ಒಂದು ಕುಡಿಯಲು ಏನಾದರೂ ದಕ್ಕುವುದಕ್ಕೆ, ಇನ್ನೊಂದು ಮಾಟ ತಗುಲಿದವರನ್ನು ಗುಣಪಡಿಸುವುದಕ್ಕೆ. ಮೊದಲನೆಯದು ಶಿಲುಬೆಯ ಕುರಿತ ನಾಲ್ಕೈದು ಲ್ಯಾಟಿನ್ ಪದಗಳು. ಎರಡನೆಯದರಲ್ಲಿ ಗುಡ್ ಫ್ರೈಡೆಯ ಉಪವಾಸವಿದೆ, ಪ್ರಭುವಿನ ಪೂಜೆಯಿದೆ, ಹನ್ನೆರಡು ಶಿಷ್ಯರಿದ್ದಾರೆ. ಕೊಂಬಿನ ದೇವರ ಸುಳಿವೇ ಆ ಸಾಲುಗಳಲ್ಲಿಲ್ಲ. ಅಜ್ಜಿಯ ಬಾಲ್ಯದಲ್ಲಿ ಊರ ಚರ್ಚಿನಲ್ಲಿ ಲ್ಯಾಟಿನ್ ಪೂಜೆ ನಡೆಯುತ್ತಿತ್ತು. ರಾಜಾಜ್ಞೆ ಬದಲಾದಾಗ ಅದು ನಿಂತಿತು. ಮುರಿದ ಮಂತ್ರ ಮಾತ್ರ ಬಡವರ ಬಾಯಲ್ಲಿ ಉಳಿಯಿತು. ಹಸಿವಿಗೂ ರೋಗಕ್ಕೂ ಅದೇ ಮದ್ದಾಯಿತು. ಇದೂ ಒಂದು ಪರಂಪರೆಯೇ, ನಮ್ಮ ಕಣ್ಣಿಗಂತೂ ಕಟ್ಟುಕಥೆಯ ಗುಪ್ತಧರ್ಮಕ್ಕಿಂತ ಹೆಚ್ಚು ಕರುಳು ಹಿಂಡುವ ಪರಂಪರೆ.

ಎಸೆಕ್ಸ್ ಪ್ರಾಂತದ ಕಾಗದಗಳನ್ನು ಶೋಧಿಸಿದ ಅಲನ್ ಮ್ಯಾಕ್‌ಫರ್ಲೇನ್ 1970ರಲ್ಲಿಯೂ, ಕೀತ್ ಥಾಮಸ್ 1971ರಲ್ಲಿಯೂ ಕಂಡದ್ದು ಇದೇ ಬಗೆಯ ಕಥೆಯನ್ನು. ಹಾಲನ್ನೋ ಹಿಟ್ಟನ್ನೋ ಬೇಡಿ ಬಂದ ನೆರೆಯ ಮುದುಕಿಯನ್ನು ಬರಿಗೈಯಲ್ಲಿ ಕಳಿಸುತ್ತಾರೆ. ಅವಳು ಗೊಣಗಿಕೊಂಡು ಹೋಗುತ್ತಾಳೆ. ಹಸು ಸಾಯುತ್ತದೆ, ಮಗು ಮಲಗುತ್ತದೆ. ಇಲ್ಲವೆಂದವರ ಮನಸ್ಸಿನ ಅಳುಕು ಆರೋಪವಾಗಿ ತಿರುಗಿ ಅವಳ ಮೇಲೆಯೇ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಸತ್ತವರು ಐನೂರರ ಆಸುಪಾಸೆಂದು ಇತಿಹಾಸಕಾರರ ಅಂದಾಜು. ಹೆಚ್ಚಿನವರು ಹೆಂಗಸರು. (ಜನಪ್ರಿಯ ಪುಸ್ತಕಗಳು ಅವರನ್ನು ಸುಟ್ಟು ಕೊಲ್ಲುತ್ತವೆ, ಮಾಟಕ್ಕೆ ಇಂಗ್ಲಿಷ್ ಕಾನೂನು ವಿಧಿಸಿದ್ದು ನೇಣನ್ನು.)

ಹಾಗಾದರೆ ಮಂತ್ರ ಬಲ್ಲವರು ಇರಲೇ ಇಲ್ಲವೆ? ಧಾರಾಳವಾಗಿ ಇದ್ದರು. ಜನ ಅವರನ್ನು 'ಕನ್ನಿಂಗ್ ಮ್ಯಾನ್', 'ಕನ್ನಿಂಗ್ ವುಮನ್' ಎನ್ನುತ್ತಿದ್ದರು. ಇಲ್ಲಿ 'ಕನ್ನಿಂಗ್' ಎಂದರೆ ಕಪಟವಲ್ಲ, ಅರಿವು. ನಮ್ಮ 'ಬಲ್ಲವರು' ಎಂಬುದಕ್ಕೆ ತೀರ ಹತ್ತಿರದ ಮಾತು. ಕಳುವಾದ ವಸ್ತುವನ್ನು ಹೇಳುವುದು, ಮದ್ದು ಕೊಡುವುದು, ಮಾಟ ತೆಗೆಯುವುದು ಇವರ ಕಸುಬು. ಎಸೆಕ್ಸಿನ ಹ್ಯಾಡ್ಲಿಯಲ್ಲಿ 1860ರವರೆಗೆ ಬದುಕಿದ್ದ ಜೇಮ್ಸ್ ಮರೆಲ್ ಕಬ್ಬಿಣದ ಸೀಸೆಗಳನ್ನೇ ಮಾಡಿಸಿದ್ದ: ರೋಗಿಯ ಮೂತ್ರ, ಕೂದಲು, ಮೊಳೆಗಳನ್ನು ಅದರಲ್ಲಿ ತುಂಬಿ ಬೆಂಕಿಗಿಟ್ಟರೆ ಮಾಟ ಮಾಡಿದವಳಿಗೆ ಯಾತನೆಯೇಳುವುದೆಂದು ನಂಬಿಕೆ. ಒಲೆಯಡಿಯಲ್ಲಿ ಹೂತಿಟ್ಟ ಇಂಥ ಮಣ್ಣಿನ ಹೂಜಿಗಳು ಇಂದಿಗೂ ಹಳೆಯ ಮನೆ ಕೆಡವುವಾಗ ಸಿಕ್ಕುವುದುಂಟು. ಗಮನಿಸಬೇಕಾದುದು ಇಷ್ಟೆ: ಈ ಬಲ್ಲವರು ಮಾಟಗಾತಿಯರ ವೈರಿಗಳು, ಹಲವೊಮ್ಮೆ ಅವರನ್ನು ಬೊಟ್ಟುಮಾಡಿ ತೋರಿಸಿಕೊಟ್ಟವರು. ಇವರನ್ನೂ ಪೆಂಡ್ಲಿನ ಹೆಂಗಸರನ್ನೂ ಒಂದೇ ಕುಲದ ಹಿರಿಯರೆಂದು ಎಣಿಸುವುದು ದೂರಿದವನನ್ನೂ ಸತ್ತವಳನ್ನೂ ಒಂದೇ ಸಮಾಧಿಯಲ್ಲಿಟ್ಟಂತೆ.

ದೀಕ್ಷೆಯೆಂಬುದೂ ಹಳ್ಳಿಗರಿಗೆ ಅಪರಿಚಿತವಲ್ಲ. ಡೆವನ್, ಕಾರ್ನ್‌ವಾಲ್ ಪ್ರಾಂತಗಳಲ್ಲಿ ನರೂಲಿಗೋ ಸುಟ್ಟಗಾಯಕ್ಕೋ ಮಂತ್ರಿಸುವವರು ಮಂತ್ರವನ್ನು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಮಾತ್ರ ಕೊಡುತ್ತಿದ್ದರು; ಹಣ ಮುಟ್ಟಬಾರದು, ವಾಸಿಯಾದವರು ಉಪಕಾರದ ಮಾತನ್ನೂ ಆಡಬಾರದು. ಗಾರ್ಡ್ನರನ ಪಂಥದಲ್ಲಿಯೂ ದೀಕ್ಷೆ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೇ ಸಲ್ಲುತ್ತದೆ. ಜೊತೆಗೆ ಫ್ರೀಮೇಸನರಲ್ಲಿರುವಂತೆ ಮೂರು ಮೆಟ್ಟಿಲುಗಳಿವೆ. ಪೂರ್ವ ಆಂಗ್ಲಿಯಾದ ಕುದುರೆಯಾಳುಗಳ ರಹಸ್ಯ ಇನ್ನೂ ಸೊಗಸು. ನೆಲಗಪ್ಪೆಯೊಂದನ್ನು ಕೊಂದು ಇರುವೆಗೂಡಿನಲ್ಲಿಟ್ಟು, ಉಳಿದ ಮೂಳೆಗಳನ್ನು ನಡುರಾತ್ರಿ ಹೊಳೆಯಲ್ಲಿ ಬಿಟ್ಟರೆ ಒಂದು ಮೂಳೆ ಪ್ರವಾಹಕ್ಕೆ ಎದುರಾಗಿ ಈಜುವುದಂತೆ. ಅದನ್ನು ಹಿಡಿದವನಿಗೆ ಎಂಥ ಕುದುರೆಯೂ ವಶ. ಮುದುಕರಿಂದ ಇದನ್ನು ಕೇಳಿ 1960ರಲ್ಲಿ ಪ್ರಕಟಿಸಿದ ಜಾರ್ಜ್ ಎವಾರ್ಟ್ ಎವಾನ್ಸ್, ಇದರ ಹಿಂದೆ ಕುದುರೆಯ ತೀಕ್ಷ್ಣ ಘ್ರಾಣಶಕ್ತಿಯನ್ನು ಬಳಸಿಕೊಳ್ಳುವ ತೈಲಗಳ ತಿಳಿವಳಿಕೆ ಇತ್ತೆಂದು ವಿವರಿಸಿದರು. ಗೇಯುವವರ ರಹಸ್ಯ ಅನ್ನದ ರಹಸ್ಯ.

ಗಾರ್ಡ್ನರನ ಅನುಯಾಯಿಗಳು ತಮ್ಮ ಸರಪಣಿಯನ್ನು ಅವನವರೆಗೆ ಎಣಿಸಿ ನಿಲ್ಲಿಸಿದರೆ ಸಾಕು. ಎಪ್ಪತ್ತು ವರ್ಷದ ಮತ ಎಪ್ಪತ್ತು ವರ್ಷದ್ದೆಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನು? ಅವರಲ್ಲಿ ವಿಚಾರವಂತರನೇಕರು 1999ರಲ್ಲಿ ರೊನಾಲ್ಡ್ ಹಟನ್ ಬರೆದ ಚರಿತ್ರೆಯನ್ನು ಓದಿ ಈ ಮಾತನ್ನು ಒಪ್ಪಿಯೂ ಇದ್ದಾರೆ. ಒಪ್ಪದವರು ಪೆಂಡ್ಲಿನ ಸತ್ತವರನ್ನು ಈಗಲೂ ತಮ್ಮ ಧರ್ಮವೀರರೆನ್ನುತ್ತಾರೆ. ಅಲಿಜನ್ನಳ ನ್ಯಾಯಾಧೀಶರೂ ಅದನ್ನೇ ಅಂದಿದ್ದರು: ಇವಳು ಗುಪ್ತಕೂಟದವಳು, ಕ್ರಿಸ್ತನಿಗೆ ಬೆನ್ನು ತಿರುಗಿಸಿದವಳು ಎಂದು. ದ್ವೇಷದಿಂದ ಹೊರಿಸಿದ ಆರೋಪವನ್ನು ಪ್ರೀತಿಯಿಂದ ಹೊರಿಸಿದರೆ ಅದು ಸುಳ್ಳಲ್ಲವೆಂದಾದೀತೆ? 1998ರಲ್ಲಿ ಆ ಹೆಂಗಸರಿಗೆ ಕ್ಷಮಾದಾನ ಬೇಡಿ ಬ್ರಿಟನ್ನಿನ ಗೃಹಮಂತ್ರಿ ಜ್ಯಾಕ್ ಸ್ಟ್ರಾ ಅವರಿಗೆ ಮನವಿ ಹೋಯಿತು. ಅವರು ಒಪ್ಪಲಿಲ್ಲ, 1612ರ ತೀರ್ಪನ್ನು ಹಾಗೆಯೇ ಉಳಿಯಗೊಟ್ಟರು.